ಪಟ್ಟಿ ಪುಟದಲ್ಲಿರಲಿ, ಲೆಕ್ಕ ಮೂಲ ವಹಿಯಲ್ಲಿರಲಿ



ಹೆಬ್ಬಾಳದಿಂದ ಯಲಹಂಕಕ್ಕೆ, ಅಲ್ಲಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಕಡೆಗೆ ಹಬ್ಬಿರುವ ಕೆಂಪು ಮಣ್ಣಿನ ಖುಷ್ಕಿ ಹೊಲಗಳಲ್ಲಿ ಮುಂಗಾರು ಬಂತೆಂದರೆ ಸಾಗುವಳಿದಾರನ ಮುಂದೆ ನಿಲ್ಲುವ ಮೊದಲ ಪ್ರಶ್ನೆ ಒಂದೇ: ಈ ವರ್ಷದ ಮಳೆಗೆ ಯಾವ ರಾಗಿ ತಳಿ? ಜೂನ್, ಜುಲೈ ತಿಂಗಳಲ್ಲಿ ಹದ ಸಿಕ್ಕಿದರೆ ಎಂ.ಆರ್.-1, ಎಂ.ಆರ್.-6, ಎಲ್-5ರಂಥ ದೀರ್ಘಾವಧಿ ತಳಿಗಳು ಸರಿ. ಮಳೆ ಹಿಂದೆ ಸರಿದರೆ ಜಿ.ಪಿ.ಯು.-28, ಎಂ.ಎಲ್.-365ರಂಥ ಮಧ್ಯಮಾವಧಿ ತಳಿಗಳು. ಆಗಸ್ಟ್ ಕೂಡ ಕಳೆಯುತ್ತ ಬಂದರೆ ಜಿ.ಪಿ.ಯು.-48ರಂಥ ಅಲ್ಪಾವಧಿ ತಳಿಯೇ ಗತಿ. ನಾಲ್ಕು ತಿಂಗಳಿಗೂ ಮೀರಿ ನಿಲ್ಲುವ ತಳಿಯನ್ನು ಆಗಸ್ಟ್ ಕೊನೆಯಲ್ಲಿ ಬಿತ್ತಿದವನ ಪೈರು ಕಾಳು ಕಟ್ಟುವ ಹೊತ್ತಿಗೆ ಮಳೆ ನಿಂತಿರುತ್ತದೆ. ಹುಲ್ಲು ಸಿಕ್ಕೀತು, ಕಾಳು ಜೊಳ್ಳಾದೀತು.

ಇದು ನಿಮಗೆ ಗೊತ್ತಿರುವ ಪಾಠ. ಆದರೆ ಈಗ ಈ ಪ್ರಶ್ನೆಗೆ ಉತ್ತರ ಹುಡುಕುವ ಜಾಗ ಬದಲಾಗಿದೆ. ಮನೆಯ ಹುಡುಗನೋ ಹುಡುಗಿಯೋ ಮೊಬೈಲ್ ತೆರೆದು ಒಂದು ಪಟ್ಟಿ ತೋರಿಸುತ್ತಾರೆ. ತಳಿಯ ಹೆಸರು, ಅವಧಿ, ಬಿತ್ತನೆ ಕಾಲ, ಎಕರೆವಾರು ಇಳುವರಿ ಎಲ್ಲವೂ ಅದರಲ್ಲಿ ಅಚ್ಚುಕಟ್ಟಾಗಿ ಇರುತ್ತವೆ. ಆ ಪಟ್ಟಿಯನ್ನು ಬರೆದವರು ಯಾರು? ಯಾವ ವರ್ಷದಲ್ಲಿ ಬರೆದರು? ಯಾವ ಪುಸ್ತಕದಿಂದ ಎತ್ತಿದರು? ಇವು ಯಾವುವೂ ಅದರಲ್ಲಿ ಇರುವುದಿಲ್ಲ. ಒಬ್ಬರು ಮತ್ತೊಬ್ಬರಿಂದ ನಕಲು ಮಾಡಿದ್ದನ್ನು ಮೂರನೆಯವರು ನಕಲು ಮಾಡಿರುತ್ತಾರೆ.

ನನ್ನ ಅಭಿಪ್ರಾಯ ಇದು: ಹಲವರು ಕೂಡಿ ಬರೆಯುವ ಪುಟಗಳಲ್ಲಿ, ಕಾಲಕಾಲಕ್ಕೆ ಬದಲಾಗುವ ಅಂಕಿಗಳನ್ನು ಕೈಯಿಂದ ನಕಲು ಮಾಡುವುದು ನಿಲ್ಲಬೇಕು. ಅಂಕಿ ಒಂದೇ ಮೂಲ ವಹಿಯಲ್ಲಿ ಇರಬೇಕು. ಪುಟವು ಆ ವಹಿಯನ್ನು ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಪಟ್ಟಿಯಾಗಿ ತೋರಿಸಬೇಕು. ಪಟ್ಟಿಯ ಕೆಳಗೆ ವಹಿಯ ಹೆಸರು ಮತ್ತು ತಾರೀಖು ಇರಲೇಬೇಕು. ಇದು ಗಣಕಯಂತ್ರದವರ ಒಳಮಾತಷ್ಟೇ ಎಂದು ತಾವು ಪಕ್ಕಕ್ಕೆ ಸರಿಸಬಾರದು. ಇದರ ಲಾಭನಷ್ಟ ಹೊಲದಲ್ಲಿಯೂ ಮಂಡಿಯಲ್ಲಿಯೂ ಆಗುವಂಥದು.

ಕೂಡಿ ಬರೆಯುವ ಪುಟ ಎಂದರೇನು?

ಯಾರು ಬೇಕಾದರೂ ತೆರೆದು ಓದಬಹುದಾದ, ಬಹುಮಟ್ಟಿಗೆ ಯಾರು ಬೇಕಾದರೂ ತಿದ್ದಬಹುದಾದ ಪುಟಕ್ಕೆ ವಿಕಿ ಪುಟ ಎನ್ನುತ್ತಾರೆ. ಈ ಪದ್ಧತಿಯನ್ನು ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ ಎಂಬವರು 1995ರಲ್ಲಿ ಬಳಕೆಗೆ ತಂದರು. ವಿಕಿ ಎಂಬುದು ಹವಾಯಿ ಭಾಷೆಯ ಮಾತು. ಬೇಗ ಎಂದು ಅದರ ಅರ್ಥ. 2001ರಲ್ಲಿ ವಿಕಿಪೀಡಿಯ ಎಂಬ ವಿಶ್ವಕೋಶ ಇದೇ ಪದ್ಧತಿಯಲ್ಲಿ ಆರಂಭವಾಯಿತು. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು.

ಊರಿನ ಅರಳಿಕಟ್ಟೆಯ ಬಳಿ ಒಂದು ಕರಿಹಲಗೆ ಇದೆ ಎಂದುಕೊಳ್ಳಿ. ತಿಳಿದವರು ಬರೆಯುತ್ತಾರೆ, ತಪ್ಪಿದ್ದರೆ ಇನ್ನೊಬ್ಬರು ಒರೆಸಿ ತಿದ್ದುತ್ತಾರೆ. ಯಾರು, ಯಾವಾಗ, ಏನನ್ನು ತಿದ್ದಿದರು ಎಂಬುದೂ ಅಲ್ಲಿಯೇ ದಾಖಲಾಗುತ್ತದೆ. ನೂರು ಕಣ್ಣು ನೋಡಿದಾಗ ತಪ್ಪು ಉಳಿಯುವುದು ಕಷ್ಟ. ಇದು ಈ ಪದ್ಧತಿಯ ದೊಡ್ಡ ಗುಣ. ಆದರೆ ಊರಿಗೆ ಒಂದರಂತೆ ನೂರು ಕರಿಹಲಗೆಗಳಿದ್ದು, ಒಂದೇ ಅಂಕಿ ನೂರರಲ್ಲಿಯೂ ಬರೆಯಲ್ಪಟ್ಟಿದ್ದರೆ? ಒಂದನ್ನು ತಿದ್ದಿದವರು ಉಳಿದ ತೊಂಬತ್ತೊಂಬತ್ತನ್ನು ತಿದ್ದಲಾರರು. ತೊಡಕು ಇರುವುದು ಇಲ್ಲಿ.

ನಮ್ಮ ಕಣ್ಣೆದುರಿನ ಉದಾಹರಣೆ

ಬೆಂಗಳೂರಿನ ಉತ್ತರ ಭಾಗದವರಿಗೆ ದೂರದ ಉದಾಹರಣೆ ಬೇಕಿಲ್ಲ. ಬೆಂಗಳೂರು ಜಿಲ್ಲೆಯನ್ನು 1986ರಲ್ಲಿ ಒಡೆದು ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ರಚಿಸಲಾಯಿತು. 2007ರಲ್ಲಿ ಅದರಿಂದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳನ್ನು ಬೇರ್ಪಡಿಸಿ ರಾಮನಗರ ಜಿಲ್ಲೆ ಮಾಡಲಾಯಿತು. ಗ್ರಾಮಾಂತರಕ್ಕೆ ಉಳಿದವು ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ. 2025ರ ಜುಲೈಯಲ್ಲಿ ನಂದಿಬೆಟ್ಟದಲ್ಲಿ ಸೇರಿದ ರಾಜ್ಯ ಸಚಿವ ಸಂಪುಟವು ಈ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ತೀರ್ಮಾನಿಸಿತು.

ಈಗ ಎಣಿಸಿ ನೋಡಿ. ಜಿಲ್ಲೆಯ ಹೆಸರು, ತಾಲ್ಲೂಕುಗಳ ಸಂಖ್ಯೆ, ಬಿತ್ತನೆಯ ವಿಸ್ತೀರ್ಣ, ರಾಗಿಯ ಉತ್ಪಾದನೆ ಇವು ಎಷ್ಟು ಪುಟಗಳಲ್ಲಿ ಬರೆಯಲ್ಪಟ್ಟಿರಬಹುದು! 2007ಕ್ಕೆ ಹಿಂದಿನ ವಿಸ್ತೀರ್ಣದ ಅಂಕಿ ಎಂಟು ತಾಲ್ಲೂಕಿನದು, ಆಮೇಲಿನದು ನಾಲ್ಕು ತಾಲ್ಲೂಕಿನದು. ಜಿಲ್ಲೆಯ ಹೆಸರು ಮಾತ್ರ ಎರಡರಲ್ಲಿಯೂ ಒಂದೇ. ಹಳೆಯ ಅಂಕಿಯ ಪಕ್ಕ ಹೊಸ ಅಂಕಿಯನ್ನು ಇಟ್ಟವನಿಗೆ ಜಿಲ್ಲೆಯಲ್ಲಿ ರಾಗಿ ಬೆಳೆಯೇ ಅರ್ಧಕ್ಕೆ ಇಳಿಯಿತೆಂದು ಕಂಡೀತು. ಬೆಳೆ ಇಳಿದಿಲ್ಲ, ಗಡಿ ಬದಲಾಗಿದೆ. ಇನ್ನು ಹೆಸರು ಬದಲಾದಾಗ ಎಲ್ಲ ಪುಟಗಳನ್ನೂ ಹುಡುಕಿ ಕೈಯಿಂದ ತಿದ್ದುವುದು ಯಾರಿಂದಲೂ ಆಗದ ಕೆಲಸ. ಮೂಲ ವಹಿಯೊಂದರಲ್ಲಿ ಒಮ್ಮೆ ತಿದ್ದಿ, ಅದನ್ನು ಆಧರಿಸಿದ ಪಟ್ಟಿಗಳೆಲ್ಲ ತಾವಾಗಿ ಬದಲಾಗುವಂತಿದ್ದರೆ ಈ ಹೆಣಗಾಟವೇ ಇರುವುದಿಲ್ಲ.

ತಳಿಗಳ ವಿಷಯವೂ ಹೀಗೆಯೇ. ಭಾರತದ ಮತ್ತು ಆಫ್ರಿಕದ ರಾಗಿಯನ್ನು ಸಂಕರಿಸಿ ಲಕ್ಷ್ಮಣಯ್ಯನವರು ಹೊರತಂದ ಇಂಡಾಫ್ ತಳಿಗಳು ಒಂದು ಕಾಲಕ್ಕೆ ನಮ್ಮ ರಾಗಿ ಇಳುವರಿಯ ಮಟ್ಟವನ್ನೇ ಏರಿಸಿದವು. ಬೆಂಕಿ ರೋಗದ ಕಾಟ ಹೆಚ್ಚಾದಾಗ, ಅದನ್ನು ತಡೆದುಕೊಳ್ಳುವ ಜಿ.ಪಿ.ಯು.-28 ಅವುಗಳ ಜಾಗಕ್ಕೆ ಬಂತು. 1966ರ ಬೀಜ ಕಾಯಿದೆಯ ಪ್ರಕಾರ ಕೇಂದ್ರ ಸರ್ಕಾರ ತಳಿಗಳನ್ನು ಅಧಿಸೂಚಿಸುತ್ತದೆ. ಹಳತಾದವನ್ನು ಆ ಪಟ್ಟಿಯಿಂದ ಕೈಬಿಡುವುದೂ ಉಂಟು. ಅಂದರೆ ತಳಿಗಳ ಪಟ್ಟಿ ಸ್ವಭಾವತಃ ಬದಲಾಗುವಂಥದು. ಬದಲಾಗುವುದನ್ನು ಕಲ್ಲಿನ ಮೇಲೆ ಕೆತ್ತಿದಂತೆ ಪುಟದಲ್ಲಿ ಬರೆದಿಡುವುದು ಸರಿಯಲ್ಲ.

ವಹಿಗೆ ಪ್ರಶ್ನೆ ಕೇಳುವ ಕ್ರಮ

ಇದಕ್ಕೆ ಉಪಾಯ ಆಗಲೇ ಇದೆ. ವಿಕಿಪೀಡಿಯದ ಬಳಗವು 2012ರಲ್ಲಿ ವಿಕಿಡೇಟಾ ಎಂಬ ದೊಡ್ಡ ದತ್ತಾಂಶ ವಹಿಯನ್ನು ತೆರೆಯಿತು. ಇದು ಲೇಖನಗಳ ಪುಸ್ತಕವಲ್ಲ, ಖಾತೆಗಳ ಪುಸ್ತಕ. ಊರು, ನದಿ, ಬೆಳೆ, ಕೀಟ, ಮನುಷ್ಯ, ಪುಸ್ತಕ ಒಂದೊಂದಕ್ಕೂ ಒಂದು ಹಾಳೆ, ಒಂದು ನಂಬರು. ನಮ್ಮ ಪಹಣಿಯಲ್ಲಿ ಸರ್ವೆ ನಂಬರಿನ ಎದುರು ವಿಸ್ತೀರ್ಣ, ಮಣ್ಣು, ಬೆಳೆ ಎಂದು ಅಂಕಣಗಳಿರುವಂತೆ ಇಲ್ಲಿಯೂ ಆಯಾ ಹಾಳೆಯಲ್ಲಿ ಗುಣ, ಅದರ ಬೆಲೆ, ಅದಕ್ಕೆ ಆಧಾರ, ಯಾವ ವರ್ಷಕ್ಕೆ ಸೇರಿದ್ದು ಎಂಬುದನ್ನು ತುಂಬಬಹುದು. ಈ ವಹಿಯ ಮಾಹಿತಿಯನ್ನು ಯಾರ ಅಪ್ಪಣೆಯೂ ಇಲ್ಲದೆ ಯಾರಾದರೂ ಬಳಸಿಕೊಳ್ಳಬಹುದು.

ಈ ವಹಿಗೆ ಪ್ರಶ್ನೆ ಕೇಳುವ ಅನುಕೂಲವು 2015ರಿಂದ ಎಲ್ಲರಿಗೂ ಸಿಕ್ಕಿದೆ. ಪ್ರಶ್ನೆಯನ್ನು ನಿಗದಿಯಾದ ಒಂದು ಭಾಷೆಯಲ್ಲಿ ಬರೆಯಬೇಕು. ಇಂಥ ಗುಣವಿರುವ, ಇಂಥ ಮಿತಿಯೊಳಗಿನ ಎಲ್ಲ ಹಾಳೆಗಳನ್ನೂ ತೆಗೆದುಕೊಡು ಎಂದು ಅದರ ಸಾರಾಂಶ. ಜರ್ಮನಿಯ ಮ್ಯಾಗ್ನಸ್ ಮಾನ್ಸ್ಕೆ ಎಂಬ ವಿಜ್ಞಾನಿ ಲಿಸ್ಟೀರಿಯ ಎಂಬ ಯಂತ್ರಸಹಾಯಕವನ್ನು ರಚಿಸಿದರು. ವಿಕಿ ಪುಟದಲ್ಲಿ ಪ್ರಶ್ನೆಯನ್ನು ಬರೆದು, ಪಟ್ಟಿ ಇಲ್ಲಿಂದ ಆರಂಭ, ಇಲ್ಲಿಗೆ ಮುಕ್ತಾಯ ಎಂದು ಎರಡು ಗುರುತು ಇಟ್ಟರೆ ಸಾಕು. ಆ ಸಹಾಯಕವು ಆಗಾಗ ಬಂದು ವಹಿಯನ್ನು ಕೇಳಿ, ಎರಡು ಗುರುತುಗಳ ನಡುವೆ ಹೊಸ ಪಟ್ಟಿಯನ್ನು ಇಟ್ಟು ಹೋಗುತ್ತದೆ.

ಇಲ್ಲಿ ಒಂದು ಮುಖ್ಯ ನಿಯಮವನ್ನು ಗಮನಿಸಬೇಕು. ಆ ಎರಡು ಗುರುತುಗಳ ನಡುವೆ ನೀವು ಕೈಯಿಂದ ತಿದ್ದಿದರೆ, ಸಹಾಯಕವು ಮುಂದಿನ ಸಲ ಬಂದಾಗ ಅದು ಅಳಿಸಿಹೋಗುತ್ತದೆ. ಕೆಲವರಿಗೆ ಇದು ದಬ್ಬಾಳಿಕೆಯಾಗಿ ಕಾಣುತ್ತದೆ. ನನಗೆ ಇದು ಒಳ್ಳೆಯ ಶಿಸ್ತಾಗಿ ಕಾಣುತ್ತದೆ. ಗಿಡ ಬಾಡಿದರೆ ನೀರು ಎರೆಯುವುದು ಬೇರಿಗೆ, ಎಲೆಗಲ್ಲ. ತಪ್ಪನ್ನು ಮೂಲ ವಹಿಯಲ್ಲಿ ತಿದ್ದಿದರೆ ಅದನ್ನು ಬಳಸುವ ಎಲ್ಲ ಪುಟಗಳೂ ಸರಿಹೋಗುತ್ತವೆ. ಪುಟದಲ್ಲಿ ಮಾತ್ರ ತಿದ್ದಿದರೆ ತಪ್ಪು ಬೇರಿನಲ್ಲಿಯೇ ಉಳಿಯುತ್ತದೆ.

ವಿಕಿಪೀಡಿಯದ ಹೊರಗೂ ಇದು ಸಾಧ್ಯ. ವಿಕಿಪೀಡಿಯಕ್ಕೆ ಆಧಾರವಾದ ಮೀಡಿಯಾವಿಕಿ ಎಂಬ ತಂತ್ರಾಂಶವನ್ನು ಯಾವ ಸಂಸ್ಥೆಯಾದರೂ ಪರವಾನಗಿ ಹಣ ಕೊಡದೆ ತನ್ನ ಗಣಕದಲ್ಲಿ ಇಟ್ಟುಕೊಳ್ಳಬಹುದು. ಅದಕ್ಕೆ ಸೆಮ್ಯಾಂಟಿಕ್ ಮೀಡಿಯಾವಿಕಿ, ಕಾರ್ಗೋ ಎಂಬ ಜೋಡಣೆಗಳಿವೆ. ಪುಟಗಳಲ್ಲಿ ತುಂಬಿದ ಮಾಹಿತಿಯನ್ನೇ ವಹಿಯಾಗಿ ಮಾಡಿ ಪ್ರಶ್ನೆ ಕೇಳಲು ಇವು ನೆರವಾಗುತ್ತವೆ. ಎಕ್ಸ್‌ಟರ್ನಲ್ ಡೇಟಾ ಎಂಬುದು ಹೊರಗಿನ ವಹಿಯಿಂದ ಮಾಹಿತಿಯನ್ನು ಎಳೆದು ತಂದು ಪುಟದಲ್ಲಿ ತೋರಿಸುತ್ತದೆ. ಒಂದು ವಿಶ್ವವಿದ್ಯಾನಿಲಯಕ್ಕೆ, ಒಂದು ರೈತ ಉತ್ಪಾದಕ ಸಂಸ್ಥೆಗೆ ಇದು ಎಟುಕದ ಕೆಲಸವಲ್ಲ.

ಯಶವಂತಪುರದ ಧಾರಣೆ ಓದುವಾಗ

ತಳಿಗಳ ಪಟ್ಟಿ ವರ್ಷಗಳಲ್ಲಿ ಹಳತಾಗುತ್ತದೆ. ಮಾರುಕಟ್ಟೆಯ ಧಾರಣೆಯ ಪಟ್ಟಿ ಒಂದೇ ದಿನದಲ್ಲಿ ಹಳತಾಗುತ್ತದೆ. ಯಶವಂತಪುರದ ಪ್ರಾಂಗಣದ ಧಾರಣೆಯನ್ನು ನೋಡಿಕೊಂಡು, ಲಾರಿ ಬಾಡಿಗೆ ಲೆಕ್ಕ ಹಾಕಿ, ಮಾಲನ್ನು ಇಂದು ಹೇರಬೇಕೋ ನಾಲ್ಕು ದಿನ ತಡೆಯಬೇಕೋ ಎಂದು ನಿರ್ಧರಿಸುವ ರೈತನಿಗೆ ಹೋದ ವಾರದ ಅಂಕಿ ಇಂದಿನದೆಂಬಂತೆ ಕಂಡರೆ ನಷ್ಟ ಖಚಿತ. ರಾಜ್ಯದ ಕೃಷಿ ಮಾರಾಟ ವಾಹಿನಿ, ಕೇಂದ್ರದ ಅಗ್‌ಮಾರ್ಕ್‌ನೆಟ್ ಜಾಲತಾಣಗಳು ಮಾರುಕಟ್ಟೆವಾರು ಕನಿಷ್ಠ, ಗರಿಷ್ಠ, ಮಾದರಿ ಧಾರಣೆಗಳನ್ನು ಕೊಡುತ್ತವೆ. ಇಂಥ ಅಂಕಿಯನ್ನು ಬೇರೆ ಪುಟದಲ್ಲಿ ತೋರಿಸುವುದಾದರೆ ವಹಿಯಿಂದಲೇ ಎಳೆದು ತೋರಿಸಬೇಕು. ಬೆರಳಚ್ಚು ಮಾಡಿ ಅಂಟಿಸಬಾರದು.

ಎಳೆದು ತಂದ ಪಟ್ಟಿಯಲ್ಲಿಯೂ ಮೂರು ಬಲೆಗಳಿವೆ. ಮೊದಲನೆಯದು, ತಾರೀಖುಗಳು ಎರಡು. ವ್ಯಾಪಾರ ನಡೆದ ದಿನ ಒಂದು, ಪುಟವು ವಹಿಯನ್ನು ಕೇಳಿದ ದಿನ ಇನ್ನೊಂದು. ಪುಟವು ಇಂದು ಬೆಳಿಗ್ಗೆ ಕೇಳಿರಬಹುದು. ವಹಿಯಲ್ಲಿ ಕೊನೆಗೆ ತುಂಬಿದ ಅಂಕಿ ಮೂರು ದಿನದ ಹಿಂದಿನದಾಗಿರಬಹುದು. ಎರಡನೆಯದು, ಖಾಲಿ ಮನೆ ಮತ್ತು ಸೊನ್ನೆ ಒಂದೇ ಅಲ್ಲ. ಆವಕ ಸೊನ್ನೆ ಎಂದರೆ ಮಾಲು ಬಂದಿಲ್ಲ. ಖಾಲಿ ಎಂದರೆ ಲೆಕ್ಕ ಬಂದಿಲ್ಲ. ಪಟ್ಟಿಯಲ್ಲಿ ಒಂದು ಮಾರುಕಟ್ಟೆಯ ಹೆಸರೇ ಕಾಣದಿದ್ದರೆ ಅಲ್ಲಿ ವ್ಯಾಪಾರವಿಲ್ಲವೆಂದು ತಿಳಿಯಬಾರದು. ಮೂರನೆಯದು, ಮಾದರಿ ಧಾರಣೆ ಎಂಬುದು ಸರಾಸರಿಯಲ್ಲ. ಹೆಚ್ಚು ಮಾಲು ಯಾವ ಬೆಲೆಗೆ ಹೋಯಿತೋ ಆ ಬೆಲೆ. ನಿಮ್ಮ ಮಾಲಿನ ದರ್ಜೆ ಬೇರೆಯಾದರೆ ನಿಮಗೆ ಸಿಗುವ ಬೆಲೆಯೂ ಬೇರೆ.

ಪ್ರಶ್ನೆಯೂ ಕಾಣುವಂತಿರಬೇಕು

ಉತ್ತರದಷ್ಟೇ ಪ್ರಶ್ನೆಯೂ ಮುಖ್ಯ. ಜಿ.ಪಿ.ಯು.-28 ಸುಮಾರು 110ರಿಂದ 115 ದಿನಗಳ ತಳಿ. ವಹಿಯಲ್ಲಿ ಅದರ ಅವಧಿಯನ್ನು 115 ಎಂದು ಬರೆದಿದ್ದಾರೆ, ಪಟ್ಟಿ ಮಾಡಿದವರು 110 ದಿನ ಮೀರದ ತಳಿಗಳನ್ನು ಕೊಡು ಎಂದು ಕೇಳಿದ್ದಾರೆ ಎಂದಿಟ್ಟುಕೊಳ್ಳಿ. ಆ ಪಟ್ಟಿಯಲ್ಲಿ ಜಿ.ಪಿ.ಯು.-28 ಬರುವುದಿಲ್ಲ. ಪ್ರಶ್ನೆ ಕಾಣದ ಓದುಗನು ಈ ತಳಿಯನ್ನು ಶಿಫಾರಸಿನಿಂದ ತೆಗೆದಿದ್ದಾರೆಂದು ಭಾವಿಸುತ್ತಾನೆ. ಯಂತ್ರ ತಪ್ಪು ಮಾಡಿಲ್ಲ, ವಹಿಯಲ್ಲಿಯೂ ತಪ್ಪಿಲ್ಲ. ಆದರೂ ರೈತನಿಗೆ ತಪ್ಪು ತಿಳಿವಳಿಕೆ ಆಯಿತು. ಆದಕಾರಣ ಪ್ರತಿ ಪಟ್ಟಿಯ ತಲೆಯ ಮೇಲೆ, ಏನನ್ನು ಕೇಳಿ ಈ ಪಟ್ಟಿ ಪಡೆಯಲಾಯಿತು ಎಂಬುದನ್ನು ಸರಳ ಕನ್ನಡದಲ್ಲಿ ಒಂದು ಸಾಲು ಬರೆಯತಕ್ಕದ್ದು.

ಆಕ್ಷೇಪಣೆಗಳು

ಮೂಲ ವಹಿಯೇ ತಪ್ಪಾದರೆ ಎಲ್ಲ ಪುಟಗಳೂ ಒಟ್ಟಿಗೆ ಕೆಡುತ್ತವಲ್ಲ ಎಂದು ಕೆಲವರು ಕೇಳುತ್ತಾರೆ. ಮಾತು ನಿಜ. ಕೆರೆಯ ನೀರು ಕೆಟ್ಟರೆ ಎಲ್ಲ ಕಾಲುವೆಯ ನೀರೂ ಕೆಟ್ಟದ್ದೇ. ಆದರೆ ಕೆರೆ ಒಂದಿದ್ದರೆ ಕಾಯುವುದೂ ಒಂದನ್ನೇ. ನೂರು ಕಡೆ ನೂರು ಬಗೆಯ ತಪ್ಪು ಅಡಗಿರುವುದಕ್ಕಿಂತ, ಒಂದು ತಪ್ಪು ನೂರು ಕಡೆ ಎದ್ದು ಕಾಣುವುದು ವಾಸಿ. ಅದನ್ನು ಬೇಗ ಹಿಡಿಯಬಹುದು. ಇದಕ್ಕಾಗಿ ವಹಿಯ ಪ್ರತಿ ಅಂಕಿಗೂ ಆಧಾರ ಬರೆದಿರಬೇಕು, ಬದಲಾವಣೆಯ ಚರಿತ್ರೆ ಉಳಿಯಬೇಕು. ಶಿಫಾರಸಿನಂಥ ಅಂಕಿಗಳನ್ನು ತಿದ್ದುವ ಅಧಿಕಾರ ಆಯಾ ವಿಷಯದ ವಿಜ್ಞಾನಿಗಳ ಕೈಯಲ್ಲಿ ಇರಬೇಕು. ತಪ್ಪನ್ನು ತೋರಿಸುವ ಹಕ್ಕು ಮಾತ್ರ ಎಲ್ಲರಿಗೂ ಇರಬೇಕು.

ಯಂತ್ರ ಕೊಟ್ಟ ಪಟ್ಟಿ ಒಣಕಲು, ಅದರಲ್ಲಿ ವಿವರಣೆ ಇಲ್ಲ ಎಂಬುದು ಎರಡನೆಯ ಆಕ್ಷೇಪಣೆ. ಇಂಗ್ಲಿಷ್ ವಿಕಿಪೀಡಿಯದ ಬಳಗವು ಲೇಖನದ ಪುಟಗಳಲ್ಲಿ ಲಿಸ್ಟೀರಿಯದ ಪಟ್ಟಿಗಳನ್ನು ಒಪ್ಪುವುದಿಲ್ಲ. ಅವರ ಎಚ್ಚರಿಕೆಯಲ್ಲಿ ಅರ್ಥವಿದೆ. ಯಾವ ಸಾಲು ಏಕೆ ಬಂತು ಎಂದು ಪಟ್ಟಿ ಹೇಳಲಾರದು. ಎಂ.ಆರ್.-6 ಇಂತಿಷ್ಟು ದಿನ ಎಂದು ಅದು ಹೇಳೀತು. ಯಲಹಂಕದ ಕಡೆಯ ಆಳವಿಲ್ಲದ ಮಣ್ಣಿನಲ್ಲಿ ಹಿಂಗಾರು ಕೈಕೊಟ್ಟರೆ ಅದೇನಾಗುತ್ತದೆ ಎಂಬುದನ್ನು ಬೆಳೆದವನೇ ಹೇಳಬೇಕು. ಆದ್ದರಿಂದ ಅಂಕಿ ವಹಿಯಿಂದ ಬರಲಿ, ಅನುಭವ ಮನುಷ್ಯನಿಂದ ಬರಲಿ. ಪಟ್ಟಿಯ ಮೇಲೂ ಕೆಳಗೂ ಬರೆಯಲು ಜಾಗ ಬೇಕಾದಷ್ಟಿದೆ; ಅದು ನಿಮ್ಮದು.

ಮೂರನೆಯದು ಗುಟ್ಟಿನ ಪ್ರಶ್ನೆ. ಸಾಗುವಳಿದಾರರ ಹೆಸರು, ಹಿಡುವಳಿ, ಸಾಲ, ಫೋನ್ ನಂಬರು ಇವನ್ನು ಬಹಿರಂಗ ಪುಟಕ್ಕೆ ಎಳೆಯಬಾರದು. ಭೂಮಿ ಯೋಜನೆಯಿಂದ ಪಹಣಿಗಳು ಗಣಕಕ್ಕೆ ಏರಿದ್ದು ದೊಡ್ಡ ಅನುಕೂಲವೇ. ಆದರೆ ಒಬ್ಬೊಬ್ಬರ ವಿವರವನ್ನು ಪಟ್ಟಿ ಮಾಡಿ ಊರಿಗೆ ತೋರಿಸುವುದು ಬೇರೆ ಮಾತು. ಹೋಬಳಿಗೆ ಒಟ್ಟು ಎಷ್ಟು ಎಕರೆ ರಾಗಿ ಎಂಬುದು ಸಾಕು. ಯಾರ ಹೊಲದಲ್ಲಿ ಎಷ್ಟು ಎಂಬುದು ಬೇಡ.

ಕನ್ನಡದ ಹೆಸರು ತುಂಬುವ ಕೆಲಸ

ಇಲ್ಲಿ ಓದುಬರಹ ಬಲ್ಲ ರೈತನು ಮಾಡಬಹುದಾದ, ಅವನೇ ಮಾಡಬೇಕಾದ ಒಂದು ಕೆಲಸವಿದೆ. ವಿಕಿಡೇಟಾದಲ್ಲಿ ಪ್ರತಿ ಹಾಳೆಗೂ ಬೇರೆ ಬೇರೆ ಭಾಷೆಗಳಲ್ಲಿ ಹೆಸರು ಬರೆಯಬಹುದು. ಕನ್ನಡದ ಹೆಸರು ತುಂಬಿಲ್ಲದಿದ್ದರೆ ಕನ್ನಡದ ಪಟ್ಟಿಯ ನಡುವೆ ಇಂಗ್ಲಿಷ್ ಹೆಸರೋ ಬರಿಯ ನಂಬರೋ ಬಂದು ಕೂರುತ್ತದೆ. ಹೊಲದ ಕಳೆಗೆ, ಬೇಲಿಯ ಗಿಡಕ್ಕೆ, ಅವರೆಕಾಯಿಯ ಹುಳುವಿಗೆ ನಿಮ್ಮ ಸೀಮೆಯಲ್ಲಿ ಏನೆನ್ನುತ್ತಾರೆ ಎಂಬುದು ನಿಮಗೆ ಗೊತ್ತು. ಒಂದೇ ಗಿಡಕ್ಕೆ ಎರಡು ಮೂರು ಹೆಸರಿದ್ದರೆ ಅವನ್ನೂ ಬರೆಯಲು ಅಲ್ಲಿ ಅವಕಾಶವಿದೆ. ಒಮ್ಮೆ ಬರೆದ ಹೆಸರನ್ನು ಆ ಗಿಡ ಬರುವ ಎಲ್ಲ ಕನ್ನಡ ಪಟ್ಟಿಗಳೂ ಬಳಸಿಕೊಳ್ಳುತ್ತವೆ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಫಲ ಕೊಡುವ ಕೆಲಸ ಕಡಿಮೆ. ಓದುತ್ತಿರುವ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ವಾರಕ್ಕೆ ಹತ್ತು ಹೆಸರು ತುಂಬಿದರೂ ಸಾಕು.

ಯಾರು ಏನು ಮಾಡಬೇಕು?

ವಿಶ್ವವಿದ್ಯಾನಿಲಯಗಳೂ ಇಲಾಖೆಗಳೂ ತಳಿ, ಅವಧಿ, ಬಿತ್ತನೆ ಕಾಲ, ಬೀಜದ ಪ್ರಮಾಣ ಇವುಗಳ ಮೂಲ ವಹಿಯನ್ನು ತೆರೆದಿಡಬೇಕು. ಪಟ್ಟಿಯ ಫೋಟೋ ತೆಗೆದು ಹಾಕಿದರೆ ಸಾಲದು. ಫೋಟೋವನ್ನು ಕಣ್ಣು ಓದೀತು, ಪ್ರಶ್ನೆ ಕೇಳುವ ಯಂತ್ರಕ್ಕೆ ಅದು ಒದಗುವುದಿಲ್ಲ. ತಳಿಯೊಂದನ್ನು ಕೈಬಿಟ್ಟರೆ ಅದರ ಸಾಲನ್ನು ಅಳಿಸದೆ, ಇಂಥ ವರ್ಷ ಕೈಬಿಡಲಾಗಿದೆ ಎಂದು ಬರೆಯಬೇಕು. ಪುಟಗಳನ್ನು ಬರೆಯುವವರು ಬದಲಾಗುವ ಅಂಕಿಯನ್ನು ನಕಲು ಮಾಡದೆ, ವಹಿಯನ್ನು ಕೇಳಿ ತೋರಿಸಬೇಕು.

ಓದುವ ತಾವು ಯಾವುದೇ ಪಟ್ಟಿಯನ್ನು ನಂಬುವ ಮೊದಲು ಈ ಐದನ್ನು ನೋಡಿಕೊಳ್ಳಿ:

1. ಅಂಕಿ ಯಾವ ವಹಿಯಿಂದ ಬಂದಿದೆ ಎಂದು ಬರೆದಿದೆಯೇ?
2. ಅಂಕಿ ಯಾವ ವರ್ಷದ್ದು, ಯಾವ ದಿನದ್ದು?
3. ಪುಟವು ವಹಿಯನ್ನು ಕೊನೆಯ ಸಲ ಕೇಳಿದ್ದು ಯಾವಾಗ?
4. ಯಾವ ಪ್ರಶ್ನೆಗೆ ಇದು ಉತ್ತರ? ಪ್ರಶ್ನೆಯ ಮಿತಿಯಿಂದ ಹೊರಗೆ ಉಳಿದದ್ದೇನು?
5. ತಪ್ಪು ಕಂಡರೆ ಎಲ್ಲಿ ತಿಳಿಸಬೇಕು?

ಐದಕ್ಕೂ ಉತ್ತರ ಇದ್ದರೆ ಆ ಪಟ್ಟಿಯನ್ನು ಆಧಾರವಾಗಿ ಇಟ್ಟುಕೊಂಡು ರೈತ ಸಂಪರ್ಕ ಕೇಂದ್ರದಲ್ಲಿ ಮಾತನಾಡಬಹುದು. ಮೊದಲ ಎರಡಕ್ಕೇ ಉತ್ತರ ಇಲ್ಲದಿದ್ದರೆ, ಅದು ಎಷ್ಟೇ ಅಂದವಾಗಿ ಕಾಣಲಿ, ಅದನ್ನು ನಂಬಿ ಬೀಜದ ಚೀಲ ಬಿಚ್ಚಬೇಡಿ. ತಾರೀಖಿಲ್ಲದ ಪಟ್ಟಿಯ ತಪ್ಪಿಗೆ ಬೆಲೆ ತೆರುವವನು ಅದನ್ನು ಬರೆದವನಲ್ಲ, ಬಿತ್ತಿದವನು.